ಎಂಟು ಗಂಟೆಗೊಂದು ಕಾಗದ

ನನ್ನ ಕೆಲಸ ಇಷ್ಟೇ:
ಮೇಟಗಳ್ಳಿಯ ಒಂದು ಕಟ್ಟಡದ ತಾರಸಿ ಹತ್ತಿ
ಗಾಳಿ ಹೀರುವ ಪೆಟ್ಟಿಗೆಯ ಮುಚ್ಚಳ ತೆಗೆದು
ಹಳೇ ಕಾಗದ ಎತ್ತಿ, ಹೊಸದು ಹಾಸಿ,
ನಾಲ್ಕೂ ನಟ್ಟು ಬಿಗಿದು
ಹೊತ್ತು ಬರೆದುಕೊಳ್ಳುವುದು.
ಎಂಟು ಗಂಟೆಗೊಂದು ಕಾಗದ, ವಾರಕ್ಕೆ ಎರಡು ದಿನ.

ಕಾಗದ ಅಂದೆ. ಗಾಜಿನ ನೂಲಿನದು ಅದು,
ಬರಿಗೈಲಿ ಮುಟ್ಟಬಾರದು,
ನವೆ ಬರುತ್ತೆ, ತೂಕವೂ ಕೆಡುತ್ತೆ.
ಮಡಿವಾಳರ ಮನೆಯಲ್ಲಿ ಹುಟ್ಟಿದವನು ನಾನು,
ಬಿಳುಪಿನಲ್ಲಿ ಎಷ್ಟು ಬಗೆ ಅಂತ ಗೊತ್ತು.
ಹಾಕುವಾಗ ಅದು ಗಂಜಿ ಕೊಟ್ಟ ಪಂಚೆ,
ತೆಗೆಯುವಾಗ ಒಲೆ ಒರೆಸಿದ ಬಟ್ಟೆ.
ಹದಿನಾಲ್ಕು ವರ್ಷದಿಂದ
ಊರು ಉಸಿರಾಡಿದ ಮಸಿಯನ್ನು
ಲಕೋಟೆಯಲ್ಲಿಟ್ಟು ಲ್ಯಾಬಿಗೆ ಕೊಡುತ್ತಿದ್ದೇನೆ.
ಅವರು ತೂಗುತ್ತಾರೆ. ನಾನು ತೂಗದೆಯೂ ಹೇಳಬಲ್ಲೆ:
ಇದು ದೀಪಾವಳಿ, ಇದು ಕಬ್ಬಿನ ಸೋಗೆ ಸುಡುವ ಕಾಲ,
ಇದು ದಸರಾಕ್ಕೆ ಬಸ್ಸು ಸಾಲುಗಟ್ಟಿದ ವಾರ.

ಆ ಏಪ್ರಿಲಿನಲ್ಲಿ ನನಗೊಂದು ಪಾಸು ಸಿಕ್ಕಿತು.
ರಿಂಗ್ ರೋಡಿನಲ್ಲಿ ನಾನು, ನನ್ನ ಟಿವಿಎಸ್ಸು,
ನಡುಗೆರೆಯ ಮೇಲೆ ಮಲಗಿದ್ದ ಒಂದು ಕಂದು ನಾಯಿ.
ಬ್ಯಾರಿಕೇಡಿನ ಪೊಲೀಸ್ ಹುಡುಗ ಪಾಸು ಓದಿ
"ಗಾಳಿ ಅಳೆಯೋದೂ ಅಗತ್ಯ ಸೇವೇನಾ?" ಅಂತ ನಕ್ಕ.
ನಕ್ಕದ್ದು ಕಣ್ಣಿನಲ್ಲಿ; ಮಿಕ್ಕದ್ದೆಲ್ಲ ಮಾಸ್ಕು.

ಮೊದಲ ಕಾಗದ ತೆಗೆದೆ.
ಹಾಕಿದ ಹಾಗೇ ಇತ್ತು.
ಮೋಟಾರು ಕೆಟ್ಟಿರಬೇಕೆಂದು ಅಂಗೈ ಒಡ್ಡಿದೆ, ಎಳೆತ ಇತ್ತು.
ರಬ್ಬರ್ ಪಟ್ಟಿ ತಡವಿದೆ, ಬ್ರಷ್ ಬದಲಿಸಿದೆ,
ಫೋನು ಮಾಡಿದೆ: "ಮಿಷನ್ ಸುಳ್ಳು ಹೇಳ್ತಿದೆ ಮೇಡಂ."
ಅತ್ತ ಒಂದು ಗಳಿಗೆ ಸದ್ದಿಲ್ಲ.
"ಇಲ್ಲ ನಿಂಗಶೆಟ್ರೇ, ಎಲ್ಲಾ ಕಡೆಯಿಂದ ಹೀಗೇ ಬರ್ತಿದೆ."

ತಲೆ ಎತ್ತಿದರೆ ಬೆಟ್ಟ.
ಬೆಟ್ಟ ಯಾವಾಗಲೂ ಇತ್ತು, ಬೂದಿ ಬಣ್ಣದ ಒಂದು ಅಂದಾಜಾಗಿ.
ಈಗ ಅದಕ್ಕೆ ರಸ್ತೆಯ ತಿರುವು, ಬಂಡೆ,
ಬಂಡೆಯ ಪಕ್ಕ ಒಂಟಿ ಮರ.

ವಠಾರದಲ್ಲಿ ಪಕ್ಕದ ಮನೆಯ ಜವರ
ಮೆಟ್ಟಿಲ ಮೇಲೆ ಕೂತು ಕೈ ನೋಡಿಕೊಳ್ಳುತ್ತಿದ್ದ.
ಟೈರಿನ ಕಾರ್ಖಾನೆ. ಕಾಡಿಗೆಯಂಥ ಪುಡಿಯನ್ನು
ರಬ್ಬರಿಗೆ ಕಲೆಸುವ ವಿಭಾಗ. ಕಂಟ್ರಾಕ್ಟು.
ಮೂರು ಸಲ ಸೋಪು ತಿಕ್ಕಿದರೂ
ಉಗುರಂಚಿನಲ್ಲಿ ಅಮಾವಾಸ್ಯೆ ಉಳಿಯುತ್ತಿತ್ತು;
ಮದುವೆ ಊಟಕ್ಕೆ ಕೂತರೆ ಚಮಚ ಕೇಳುವವನು.
ನಲವತ್ತು ದಿನಕ್ಕೆ ಆ ಕೈ ತಿಳಿಯಾಗಿತ್ತು,
ಗೆರೆಗಳೆಲ್ಲ ಕಾಣುತ್ತಿದ್ದವು, ಆಯುಸ್ಸಿನದು, ದುಡ್ಡಿನದು.

"ಕೈ ಕೆಸರಾದ್ರೆ ಬಾಯಿ ಮೊಸರು ಅಂದ್ರಲ್ಲ ಸೆಟ್ರೇ,"
ಒಳಗಿಂದ ಅವನ ಹೆಂಡತಿ ಚಿಕ್ಕತಾಯಿ,
"ಕೈ ಬೆಳ್ಳಗಾದ್ರೆ ಬಾಯಿಗೇನು ಅಂತ
ಯಾಕೆ ಹೇಳಿ ಹೋಗ್ಲಿಲ್ಲ ಹಿರೀಕರು?"
ರಾಗಿ ಡಬ್ಬದ ತಳ ಕೆರೆಯುವ ಸದ್ದು.
ಆ ಬೇಸಿಗೆ ಅವಳ ಮಗಳಿಗೆ ಮಾತ್ರ ಉಬ್ಬಸ ಬರಲಿಲ್ಲ,
ನೀಲಿ ಇನ್‌ಹೇಲರು ಗೋಡೆಯ ಗೂಡಿನಲ್ಲೇ ಕೂತಿತು.
ಇದನ್ನೂ ಚಿಕ್ಕತಾಯಿಯೇ ಹೇಳಿದಳು, ದನಿ ತಗ್ಗಿಸಿ,
ಯಾರಾದರೂ ಕೇಳಿಸಿಕೊಂಡು ವಾಪಸು ಇಸಕೊಂಡಾರು ಎಂಬಂತೆ.

ನಾನು ಹೋಗಿ ಬಂದಾಗಲೆಲ್ಲ ಜವರ ಕೇಳುತ್ತಿದ್ದ:
"ಎಷ್ಟು ಬಂತು ಕಾಗದದಲ್ಲಿ?"
ಏನಿಲ್ಲ ಅನ್ನುತ್ತಿದ್ದೆ,
ಸಾಲ ಕೇಳಲು ಬಂದವನಿಗೆ ಅಂದಂತಾಗುತ್ತಿತ್ತು.

ಮೇ ತಿಂಗಳ ಒಂದು ಬೆಳಗ್ಗೆ ಸೈರನ್.
ಬಾಗಿಲಿಗೆ ನೀರು ಹಾಕುತ್ತಿದ್ದ ಚಿಕ್ಕತಾಯಿ
ಚೊಂಬು ಓರೆ ಹಿಡಿದೇ ನಿಂತಳು.
ಜವರ ಓಡಿದ, ಮಾಸ್ಕು ಮರೆತು ತಿರುಗಿ ಬಂದ, ಮತ್ತೆ ಓಡಿದ.
ಆವತ್ತಿನ ಕಾಗದದ ಮೇಲೆ
ಚಹಾ ತುಳುಕಿದಷ್ಟು ಮಬ್ಬು.
ನನಗೆ ಖುಷಿಯಾಯ್ತು.
ಲಕೋಟೆ ಅಂಟಿಸುವಾಗ ಅದಕ್ಕೆ ನಾಚಿಕೆಯೂ ಆಯ್ತು.

ರಾತ್ರಿ ಗೋಡೆಯಾಚೆ ಅವನ ಮಗಳು ಕೆಮ್ಮಿದಳು, ಒಂದೇ ಸಲ.
ಬರೀ ಗಂಟಲ ಕೆರೆತ ಇದ್ದರೂ ಇರಬಹುದು.
ಎರಡನೆಯದಕ್ಕೆ ಕಿವಿಗೊಟ್ಟು ಮಲಗಿದ್ದೆ.
ಆರಕ್ಕೆ ಎದ್ದು ಕಾಗದ ಬದಲಿಸಬೇಕಿತ್ತು.